ಆರೈಕೆ ಎಂಬ ಸಾಲು

ಮೀಟಿಂಗ್ ಕೋಣೆಯ ಗೋಡೆಯ ಮೇಲೆ ಬಿದ್ದಿದ್ದ ಷೆಡ್ಯೂಲಿನ ಕೆಂಪು ಗೆರೆ ಸೇತುವೆಯ ಉದ್ಘಾಟನೆಯಿಂದ ಹಿಂದಕ್ಕೆ ಹೊರಟು, ರಸ್ತೆಯ ಡಾಂಬರು ದಾಟಿ, ನೀರಿನ ಕೊಳವೆ ದಾಟಿ, ಸಬ್‌ಸ್ಟೇಷನ್ನಿನ ಹೊಟ್ಟೆಯೊಳಗೆ ಹೊಕ್ಕು ಹೊರಬಂದು, ಕೊನೆಗೆ ಒಂದೇ ಒಂದು ಸಾಲಿನ ಎದುರು ನಿಂತಿತ್ತು. ಆ ಸಾಲಿನಲ್ಲಿ ‘ಆರೈಕೆ’ ಎಂದಷ್ಟೇ ಬರೆದಿತ್ತು. ಅದು ಮುಗಿಯದೆ ಉಳಿದ ಯಾವುದೂ ಮುಗಿಯುವಂತಿರಲಿಲ್ಲ.

ಮುಖ್ಯಸ್ಥರು ಕೈಯಲ್ಲಿದ್ದ ಲೇಸರ್ ಚುಕ್ಕಿಯನ್ನು ಆ ಪದದ ಮೇಲಿಟ್ಟರು.

"ಇದು ಯಾರದು?"

"ನಂದು ಸಾರ್," ಅಂದಳು ಅವಳು.

ಅಲ್ಲಿ ಕೂತವರೆಲ್ಲರ ಪ್ರಾಜೆಕ್ಟುಗಳನ್ನು ಒಂದಕ್ಕೊಂದು ಹೆಣೆದು, ಸೋಮವಾರ ಸೋಮವಾರ ಹೀಗೆ ಗೋಡೆಯ ಮೇಲೆ ಹರಡಿ, ಎಲ್ಲರ ಪರವಾಗಿ ಬೈಸಿಕೊಳ್ಳುವುದು ಅವಳ ಕೆಲಸ. ಸಾವಿರಾರು ಸಾಲುಗಳು. ಅವುಗಳ ನಡುವೆ ಈ ಸಾಲು ಎಲ್ಲೋ ತಳದಲ್ಲಿ ಹೂತುಹೋಗಿತ್ತು. ಅದೊಂದಿದೆ ಎಂಬುದನ್ನೇ ಅವಳು ಮರೆತಿದ್ದಳು. ಈಗ ಅದು ಹೆಬ್ಬೆರಳು ಗಾತ್ರದ ಅಕ್ಷರಗಳಲ್ಲಿ ಗೋಡೆಯ ಮೇಲೆ ನಿಂತಿತ್ತು.

"ತೊಂಬತ್ತೊಂದು ಪರ್ಸೆಂಟ್. ಒಂದು ವಾರನೂ ಹಿಂದೆ ಬಿದ್ದಿಲ್ಲ," ಅಂದರು ಮುಖ್ಯಸ್ಥರು. "ನೋಡಿ ಕಲೀರಿ ಸ್ವಲ್ಪ. ನಮ್ಮ ಸೇತುವೆಯವರು ದಿನಾಂಕ ಮುಂದಕ್ಕೆ ತಳ್ಳಿ ತಳ್ಳಿ ಕೈ ಸೋತಿದ್ದಾರೆ. ರಸ್ತೆಯವರ ಕಥೆ ಕೇಳೋದೇ ಬೇಡ. ಇದೊಂದು ಸಾಲು ಮಾತ್ರ ಗಡಿಯಾರ ಇದ್ದ ಹಾಗಿದೆ."

"ಅವರು ಏನು ತಿಂದು ಕೆಲಸ ಮಾಡ್ತಾರೆ ಹೇಳಿ ಸಾರ್, ನಾವೂ ಅದನ್ನೇ ತಿಂತೀವಿ," ಅಂದ ಸೇತುವೆಯ ಇಂಜಿನಿಯರ್.

"ನೀವು ಮೊದಲು ಸಿಮೆಂಟ್ ತರಿಸ್ರೀ."

ಎಲ್ಲರೂ ನಕ್ಕರು. ಅವಳು ಕಾದಳು. ಈಗ ಯಾರಾದರೂ ಇದೇನು, ಯಾವ ಸೈಟು, ಯಾರ ಕಾಂಟ್ರಾಕ್ಟು ಎಂದು ಕೇಳಬೇಕು. ಯಾರೂ ಕೇಳಲಿಲ್ಲ. ಆ ಕೋಣೆಯಲ್ಲಿ ಒಂದು ಸಾಲು ಏನೆಂದು ಕೇಳುವ ರೂಢಿಯೇ ಇರಲಿಲ್ಲ. ಯಾವಾಗ ಮುಗಿಯುತ್ತದೆ ಎಂದಷ್ಟೇ ಕೇಳುತ್ತಿದ್ದರು.

"ತಿಂಗಳ ಕೊನೇ ಶುಕ್ರವಾರ ಮುಗಿಯತ್ತೆ, ಅವತ್ತೇ ಎಲ್ಲದರ ಟ್ರಯಲ್ ಶುರು. ಖಾತ್ರಿ ತಾನೆ?" ಅಂದರು ಮುಖ್ಯಸ್ಥರು.

ಅವಳು ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ಆ ಸಾಲನ್ನು ಅವಳು ಬರೆದದ್ದು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ. ಸಾಫ್ಟ್‌ವೇರ್ ಕಲಿಸಲು ಬಂದಿದ್ದಾತ, ನಿಮಗೆ ಚೆನ್ನಾಗಿ ಗೊತ್ತಿರುವ ಏನನ್ನಾದರೂ ತೆಗೆದುಕೊಂಡು ಒಂದು ಪ್ರಾಜೆಕ್ಟ್ ಮಾಡಿ ತನ್ನಿ ಎಂದಿದ್ದ. ಯಾರೋ ಅಕ್ಕನ ಮದುವೆ ಮಾಡಿದರು, ಇನ್ಯಾರೋ ಮನೆಗೆ ಸುಣ್ಣ ಬಳಿಸಿದರು. ಅವಳಿಗೆ ಆಗ ಚೆನ್ನಾಗಿ ಗೊತ್ತಿದ್ದದ್ದು ಒಂದೇ. ಆಸ್ಪತ್ರೆಯಿಂದ ಅದೇ ವಾರ ಮನೆಗೆ ಕರೆತಂದಿದ್ದ ದೊಡ್ಡಮ್ಮ. ದೊಡ್ಡಮ್ಮನ ಹೃದಯ ದಣಿದಿತ್ತು, ಇನ್ನು ರಿಪೇರಿಗೆ ಬಗ್ಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದರು. ಅವಳು ಔಷಧಿ, ಸ್ನಾನ, ತಪಾಸಣೆ ಎಲ್ಲವನ್ನೂ ‘ಆರೈಕೆ’ಯ ಕೆಳಗೆ ಬರೆದಳು. ಕೆಲಸಕ್ಕೆ ಬೇಕಾದ ಜನ ಎಂಬಲ್ಲಿ ತನ್ನನ್ನು, ದಿನಾ ಬರುವ ನರ್ಸಮ್ಮನನ್ನು, ಬಾಡಿಗೆಗೆ ಮಂಚ ಕೊಟ್ಟ ಅಂಗಡಿಯನ್ನು, ತಮಾಷೆಗೆ ದೊಡ್ಡಮ್ಮನನ್ನೂ ಫೋನ್ ನಂಬರುಗಳ ಸಮೇತ ಸೇರಿಸಿದಳು. ಕೊನೆಗೆ ಸಾಫ್ಟ್‌ವೇರ್ ಮುಕ್ತಾಯದ ದಿನ ಕೇಳಿತು. ಖಾಲಿ ಬಿಟ್ಟರೆ ಜಪ್ಪಯ್ಯ ಅಂದರೂ ಮುಂದಕ್ಕೆ ಹೋಗಲಿಲ್ಲ. ಡಾಕ್ಟರು ಹೇಳಿದ ಅಂದಾಜಿಗೆ ಇನ್ನಷ್ಟು ತಿಂಗಳು ಧಾರಾಳವಾಗಿ ಸೇರಿಸಿ, ಯಾವುದೋ ಒಂದು ಶುಕ್ರವಾರದ ಮೇಲೆ ಬೆರಳೊತ್ತಿದ್ದಳು. ತರಗತಿಯಲ್ಲಿ ಶಹಬ್ಬಾಸ್ ಸಿಕ್ಕಿತ್ತು.

ಮೀಟಿಂಗ್ ಮುಗಿದ ಮೇಲೆ ಅವಳು ನೇರವಾಗಿ ‘ಕೊಂಡಿ’ಯ ಮೇಜಿಗೆ ಹೋದಳು. ಅವನು ಅವಳ ಜೊತೆಯ ಷೆಡ್ಯೂಲರ್. ಕಂಡದ್ದಕ್ಕೆಲ್ಲ ಕೊಂಡಿ ಹಾಕುತ್ತಾನೆಂದು ಆ ಹೆಸರು ಬಿದ್ದಿತ್ತು.

"ನನ್ನ ಪ್ರಾಕ್ಟೀಸ್ ಫೈಲ್ ಒಳಗೆ ಹೇಗೆ ಬಂತು?"

"ಎಲ್ಲ ಫೈಲೂ ಒಂದೇ ಕಡೆ ಸೇರಿಸಿ ಅಂದ್ರಲ್ಲ ಮೇಡಂ, ಸೇರಿಸಿದೆ. ಟ್ರಯಲ್‌ಗೆ ನೀವು ಫುಲ್ ಟೈಮ್ ಬೇಕು. ಆರೈಕೆ ಮುಗಿಯೋವರೆಗೂ ನೀವು ಅರ್ಧ ದಿನ ಮಾತ್ರ ಅಂತ ಸಾಫ್ಟ್‌ವೇರ್ ಹೇಳ್ತು. ಅದು ಮುಗಿದ ಮೇಲೆ ಇದು ಅಂತ ಕೊಂಡಿ ಹಾಕ್ದೆ. ತಪ್ಪಾಯ್ತಾ?"

ತಪ್ಪೆಂದು ಹೇಳಲು ಬರುವಂತಿರಲಿಲ್ಲ. ಮಧ್ಯಾಹ್ನದ ಮೇಲೆ ಅವಳು ಮನೆಯಲ್ಲಿ ಕೂತೇ ಕೆಲಸ ಮಾಡುವುದೆಂದು ಆಫೀಸೇ ಒಪ್ಪಿತ್ತು.

"ಕಿತ್ತು ಹಾಕು."

"ಕಿತ್ತರೆ ನೀವು ಪೂರ್ತಿ ಖಾಲಿ ಅಂತ ಲೆಕ್ಕ. ನೋಡಿ." ಅವನು ಕೊಂಡಿಯನ್ನು ತೆಗೆದು ತೋರಿಸಿದ. ಟ್ರಯಲ್ ಎಂಬ ಉದ್ದನೆಯ ಪಟ್ಟಿ ಹಗ್ಗ ಬಿಚ್ಚಿದ ಕರುವಿನಂತೆ ಎಡಕ್ಕೆ ಜಿಗಿದು ನಾಳೆಯ ದಿನಕ್ಕೆ ಬಂದು ನಿಂತಿತು. "ಕರೆಂಟು, ನೀರು, ರಸ್ತೆ ಎಲ್ಲ ಒಟ್ಟಿಗೆ. ಕಂಟ್ರೋಲ್ ರೂಮಿಂದ ನೀವು ಹೊರಗೆ ಬರೋ ಹಾಗಿಲ್ಲ, ಫೋನೂ ಹೊರಗಡೆ. ತಿಂಗಳುಗಟ್ಟಲೆ. ನಾಳೆಯಿಂದ ಹೋಗ್ತೀರಾ?"

ಅವಳು ಬೇಡವೆಂದು ಕೈಯಾಡಿಸಿದಳು. ಅಮ್ಮ ಹೋದಾಗ ಇನ್ನೂ ಶಾಲೆಯಲ್ಲಿದ್ದ ಅವಳು ಬೇರೆ ಊರಿನ ಪರೀಕ್ಷಾ ಕೋಣೆಯಲ್ಲಿ ಉತ್ತರ ಬರೆಯುತ್ತಿದ್ದಳು. ಕೊನೆಯ ಗುಟುಕು ನೀರು ಕೊಟ್ಟದ್ದು ದೊಡ್ಡಮ್ಮ. ಆಮೇಲೆ ಅವಳನ್ನು ಸಾಕಿದ್ದೂ ದೊಡ್ಡಮ್ಮನೇ. ಆ ಗುಟುಕು ನೀರು ತನ್ನ ಕೈಯಿಂದಲೇ ಹೋಗಬೇಕು ಎಂಬುದೊಂದನ್ನು ಬಿಟ್ಟು ಅವಳು ಬದುಕಿನಲ್ಲಿ ಬೇರೆ ಯಾವ ಹಟವನ್ನೂ ಹಿಡಿದಿರಲಿಲ್ಲ.

"ಹಾಗೇ ಇರಲಿ. ಹೇಗೂ ಅದು ತಾನಾಗೇ ತುಂಬ್ಕೊಳ್ತಿರೋ ನಂಬರು. ಯಾರೂ ವರದಿ ಕೊಡದಿದ್ರೆ ಸಾಫ್ಟ್‌ವೇರೇ ದಿನ ಲೆಕ್ಕ ಹಾಕಿ ಏರಿಸತ್ತೆ, ಅಲ್ವಾ?"

ಅವನು ಆ ಸಾಲಿನ ಮೇಲೆ ಒತ್ತಿ ಹಿಂದಿನ ವರದಿಗಳನ್ನು ತೆರೆದ. ಒಂದರ ಕೆಳಗೊಂದು ಶುಕ್ರವಾರಗಳು. "ಇಲ್ಲ ಮೇಡಂ. ಇದು ತಾನಾಗೇ ಏರಿಲ್ಲ. ಪ್ರತಿ ಶುಕ್ರವಾರ ಯಾರೋ ಫೋನಿಂದ ಕಳಿಸ್ತಿದ್ದಾರೆ. ಒಂದು ವಾರನೂ ತಪ್ಪಿಸಿಲ್ಲ, ಪುಣ್ಯಾತ್ಮರು. ನಂಬರ್ ಬೇಕಾ?"

ಬೇಕಿರಲಿಲ್ಲ. ಅವನ ಭುಜದ ಮೇಲಿಂದಲೇ ಅವಳಿಗೆ ಅದು ಕಾಣುತ್ತಿತ್ತು. ಶಾಲೆಯ ಡೈರಿಯಲ್ಲಿ ‘ಪೋಷಕರು’ ಎಂಬುದರ ಮುಂದೆ ಅವಳು ಬರೆದು ಬರೆದು ಬಾಯಿಪಾಠವಾಗಿದ್ದ ನಂಬರು.

ಮನೆಗೆ ಬಂದಾಗ ನರ್ಸಮ್ಮ ದೊಡ್ಡಮ್ಮನ ಮೈಗೆ ಪೌಡರ್ ಹಾಕಿ, ಬೆನ್ನಿಗೆ ದಿಂಬು ಒತ್ತಿ ಹೊರಡುತ್ತಿದ್ದಳು. ಮನೆ ತುಂಬ ದೊಡ್ಡಮ್ಮನ ಉಸಿರಿನ ಸದ್ದು. ಯಾರೋ ಪಕ್ಕದ ಕೋಣೆಯಲ್ಲಿ ಹಲಗೆಯೊಂದನ್ನು ನಿಧಾನವಾಗಿ ಗರಗಸದಿಂದ ಕೊಯ್ಯುತ್ತಿರುವಂಥ ಸದ್ದು. ತಿಂಗಳುಗಳಿಂದ ಅದು ಹೀಗೇ ಇದ್ದು, ಈಗ ಮನೆಯ ಸಾಮಾನುಗಳಲ್ಲಿ ಒಂದಾಗಿಬಿಟ್ಟಿತ್ತು.

ನರ್ಸಮ್ಮ ಚಪ್ಪಲಿ ಮೆಟ್ಟುತ್ತ ದನಿ ತಗ್ಗಿಸಿದಳು. "ಅಕ್ಕಾ, ಕೊನೇ ಶುಕ್ರವಾರದ ಆಚೆ ನಾನು ಬೇರೆ ಮನೆ ಒಪ್ಕೊಂಡಿದ್ದೀನಿ. ನಿಮ್ಮ ಆಫೀಸಿಂದ ಮೆಸೇಜ್ ಬಂತಲ್ಲ, ಅವತ್ತಿಗೆ ಮುಗಿಯತ್ತೆ ಅಂತ."

"ಅದು... ಅದು ಸುಮ್ನೆ ಕಣಮ್ಮ. ಕಂಪ್ಯೂಟರ್ ಕಳಿಸಿದ್ದು."

"ಹೌದಾ?" ಅಂದಳು ನರ್ಸಮ್ಮ. ನಂಬಿದಂತೆ ಕಾಣಲಿಲ್ಲ. ಒಳಗೆ ಮಂಚದ ಕಡೆ ಒಮ್ಮೆ ನೋಡಿ, "ಆದ್ರೂ ಸರಿಯಾಗೇ ಹೇಳಿದೆ ಅನ್ಸತ್ತೆ," ಎಂದು ಹೊರಟಳು.

ಅವಳು ಮಂಚದ ಅಂಚಿನಲ್ಲಿ ಕೂತಳು. "ದೊಡ್ಡಮ್ಮಾ, ನಿಂಗೆ ಶುಕ್ರವಾರ ಏನಾದ್ರೂ ಮೆಸೇಜ್ ಬರತ್ತಾ?"

"ಬರತ್ತಲ್ಲ. ನಿಮ್ಮ ಆಫೀಸಿಂದು. ಆರೈಕೆ ಎಷ್ಟು ಪರ್ಸೆಂಟ್ ಮುಗಿದಿದೆ ಅಂತ ಕೇಳ್ತಾರೆ, ಹೇಳ್ತೀನಿ."

"ಏನಂತ ಹೇಳ್ತೀಯಾ?"

"ಇದ್ದದ್ದು ಇದ್ದ ಹಾಗೆ." ದೊಡ್ಡಮ್ಮ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. "ಮರ್ಯಾದೆಯಾಗಿ ಕೇಳ್ತಾರೆ ಕಣೇ. ದಯವಿಟ್ಟು ಅಂತಾರೆ. ನಿನ್ನ ಡಾಕ್ಟರ್ ನನ್ನ ಮುಂದೇನೇ ನಿನ್ನ ಹತ್ರ ಪಿಸಪಿಸ ಅಂತಾನೆ, ನಾನೇನು ಗೋಡೆನಾ? ನನ್ನನ್ನ ನೆಟ್ಟಗೆ ಕೇಳಿದ್ದು ಅವರೊಬ್ಬರೇ."

"ಅವರು ಅಂತ ಯಾರೂ ಇಲ್ಲ ದೊಡ್ಡಮ್ಮ. ಅದೊಂದು ಸಾಫ್ಟ್‌ವೇರು."

"ಇರ್ಲಿ ಬಿಡು, ಪಾಪ."

"ಅಷ್ಟೇ ಪರ್ಸೆಂಟು ಅಂತ ನಿಂಗೆ ಹೇಗೆ ಗೊತ್ತಾಗತ್ತೆ?"

ದೊಡ್ಡಮ್ಮ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ದಪ್ಪ ಕನ್ನಡಕದ ಹಿಂದಿನ ಅವಳ ಕಣ್ಣು ಈ ಪ್ರಶ್ನೆಗೆ ಚಿಕ್ಕದಾಯಿತು. ಸುಳ್ಳು ಪಾಸ್ ತೋರಿಸಿದವರನ್ನು ಅವಳು ನೋಡುತ್ತಿದ್ದದ್ದು ಹೀಗೆ. "ಜನ ಕಿಟಕಿ ಮುಚ್ಕೊಂಡು ನಿಂತಿರ್ತಿದ್ರು. ಹೊರಗೆ ಏನೂ ಕಾಣ್ತಿರ್ಲಿಲ್ಲ. ಆದ್ರೂ ಮುಂದಿನ ಸ್ಟಾಪ್ ಯಾವುದು ಅಂತ ಕೂಗ್ತಿದ್ದೆ, ಒಂದಿನಾನೂ ತಪ್ಪಿಲ್ಲ. ತಿರುವು ಬಂದ್ರೆ ಕಾಲಿಗೆ ಗೊತ್ತಾಗತ್ತೆ, ಪುಟ್ಟಿ. ಈಗ್ಲೂ ಹಂಗೇ."

ಅವಳು ದೊಡ್ಡಮ್ಮನ ಕಾಲಿನ ಮೇಲಿನ ಹೊದಿಕೆಯನ್ನು ಸರಿಪಡಿಸಿದಳು, ಅದು ಸರಿಯಾಗಿಯೇ ಇದ್ದರೂ.

"ಆ ದಿನಾಂಕ ನಾನು ಸುಮ್ನೆ ಹಾಕಿದ್ದು. ಮುಂದಕ್ಕೆ ಹಾಕಿಬಿಡ್ತೀನಿ."

"ಬೇಡ ಕಣೇ. ಯಾರ್ಯಾರು ಕಾಯ್ತಿದ್ದಾರೋ ಏನೋ."

ಮರುದಿನ ಆಫೀಸಿಗೆ ಹೋದವಳೇ ಅವಳು ಆರೈಕೆಯ ಮುಕ್ತಾಯವನ್ನು ಒಂದು ವರ್ಷ ಮುಂದಕ್ಕೆ ಎಳೆದಳು. ಪರದೆಯ ಮೇಲೆ ಸೇತುವೆ, ರಸ್ತೆ, ಕೊಳವೆ ಎಲ್ಲ ಒಂದರ ಹಿಂದೊಂದು ಬಲಕ್ಕೆ ಜಾರಿ ಕೆಂಪಾದವು. ಕೂಡಲೇ ಮುಖ್ಯಸ್ಥರು ಅವಳ ಮೇಜಿನ ಹತ್ತಿರ ಬಂದು ನಿಂತರು. ಅವರು ಹಾಗೆ ಯಾರ ಮೇಜಿಗೂ ಬರುವವರಲ್ಲ.

"ಏನಮ್ಮಾ ಇದು? ನೆಟ್ಟಗೆ ನಡೀತಿದ್ದದ್ದು ಇದೊಂದೇ ಅಂತ ನಿನ್ನೆ ಹೊಗಳಿದ್ದೇ ತಪ್ಪಾಯ್ತಾ?"

ಸುಳ್ಳು ಹೇಳಿ ಜಾರಿಕೊಳ್ಳಲು ಅವಳಿಗೆ ನಾಲಿಗೆ ಬರಲಿಲ್ಲ. "ಅದು ನಮ್ಮ ದೊಡ್ಡಮ್ಮ ಸಾರ್," ಎಂದು ಶುರುಮಾಡಿ ಎಲ್ಲವನ್ನೂ ಹೇಳಿದಳು. ಮುಖ್ಯಸ್ಥರು ಪಕ್ಕದ ಕುರ್ಚಿ ಎಳೆದು ಕೂತರು, ಕನ್ನಡಕ ತೆಗೆದರು, ತಮ್ಮ ತಾಯಿಯೂ ಹೀಗೇ ಮಲಗಿದ್ದರು, ಕಡೆಯ ದಿನಗಳಲ್ಲಿ ಕೈಗೆ ಕೈ ಕೊಟ್ಟರೂ ಗುರುತು ಹಿಡಿಯಲಿಲ್ಲ ಎಂದರು. ಅವರ ಕಣ್ಣಲ್ಲಿ ನಿಜಕ್ಕೂ ನೀರಿತ್ತು.

ಆಮೇಲೆ ಅವರು ಕನ್ನಡಕ ಹಾಕಿಕೊಂಡು, ಬಹಳ ಮೆತ್ತಗೆ, "ಹಾಗಾದ್ರೆ ಯಾವ ದಿನಾಂಕ ಇಟ್ಕೊಳ್ಳೋಣ?" ಅಂದರು.

ಅವಳು ಉತ್ತರ ಹುಡುಕುತ್ತಿರುವಾಗಲೇ ಪರದೆಯ ಪಟ್ಟಿಗಳೆಲ್ಲ ತಾವಾಗಿ ಎಡಕ್ಕೆ ಸರಿದು, ಮೊದಲಿದ್ದ ಜಾಗಕ್ಕೆ ಬಂದು ಹಸಿರಾದವು. ಮೂಲೆಯಲ್ಲಿ ಸಣ್ಣದೊಂದು ಕಿಟಕಿ ತೆರೆದುಕೊಂಡಿತ್ತು. ದಿನಾಂಕ ಬದಲಾದರೆ, ಆ ಕೆಲಸದ ವರದಿ ಕೊಡುವವರ ಒಪ್ಪಿಗೆ ಬೇಕು. ಒಪ್ಪಿಗೆ ಕೇಳಿ ದೊಡ್ಡಮ್ಮನ ಫೋನಿಗೆ ಮೆಸೇಜ್ ಹೋಗಿತ್ತು. ಉತ್ತರ ಬಂದಿತ್ತು. ಒಪ್ಪಿಗೆ ಇಲ್ಲ.

"ಹ್ಞಾ, ಸರಿಹೋಯ್ತಲ್ಲ," ಅಂದರು ಮುಖ್ಯಸ್ಥರು, ಅವಳ ಭುಜ ತಟ್ಟಿ.

ಅವತ್ತಿನಿಂದ ಆಫೀಸಿನವರೆಲ್ಲ ಅವಳಲ್ಲಿ ಒಂದು ಬಗೆಯ ಅಕ್ಕರೆ ತೋರಿಸತೊಡಗಿದರು. ಲಿಫ್ಟಿನಲ್ಲಿ ರಸ್ತೆಯವರು ಜಾಗ ಬಿಡುತ್ತಿದ್ದರು. ಕೊಳವೆಯವರು ಕಾಫಿ ತಂದುಕೊಡುತ್ತಿದ್ದರು. "ದೊಡ್ಡಮ್ಮ ಹೇಗಿದ್ದಾರೆ?" ಎಂದು ಕೇಳದವರಿಲ್ಲ. ಪರವಾಗಿಲ್ಲ, ಇವತ್ತು ಎರಡು ತುತ್ತು ಜಾಸ್ತಿ ತಿಂದಳು ಎಂದರೆ, ಕೇಳಿದವರ ಮುಖದಲ್ಲಿ ಏನೋ ಒಂದು ಕ್ಷಣ ಆರಿದ ಹಾಗಾಗುತ್ತಿತ್ತು. "ಒಳ್ಳೇದಾಗ್ಲಿ," ಎನ್ನುತ್ತಿದ್ದರು ಆಮೇಲೆ. ಸೇತುವೆಯ ಇಂಜಿನಿಯರ್ ಮಾತ್ರ ಕೇಳುತ್ತಿರಲಿಲ್ಲ. ದೂರದಿಂದ ಅವಳನ್ನು ನೋಡಿ, ನೋಡಿದ್ದು ಅವಳಿಗೆ ಗೊತ್ತಾದರೆ ಫೋನ್ ತೆಗೆದು ಕಿವಿಗಿಟ್ಟುಕೊಳ್ಳುತ್ತಿದ್ದ. ಅವಳು ಯಾರನ್ನೂ ದೂರುವಂತಿರಲಿಲ್ಲ. ಯಾರೂ ಕೆಟ್ಟದ್ದನ್ನು ಬಯಸುತ್ತಿರಲಿಲ್ಲ. ಷೆಡ್ಯೂಲಿನ ಪ್ರಕಾರ ಆಗಲಿ ಎಂದಷ್ಟೇ.

ಮನೆಯಲ್ಲಿ ಅವಳು ದೊಡ್ಡಮ್ಮನ ಫೋನನ್ನು ಬೀರುವಿನಲ್ಲಿಡಲು ನೋಡಿದಳು. "ಅದನ್ನ ಮುಟ್ಟಿದ್ರೆ ಕೈ ಮುರೀತೀನಿ," ಅಂದಳು ದೊಡ್ಡಮ್ಮ, ಲೋಟ ಎತ್ತಲೂ ಆಗದ ಕೈಯವಳು. ಶುಕ್ರವಾರ ಬೆಳಿಗ್ಗೆ ಮೆಸೇಜು ಬಂದಾಗ ದೊಡ್ಡಮ್ಮ ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಒಳಗೆಲ್ಲೋ ಕಿವಿಗೊಟ್ಟವಳಂತೆ ಇದ್ದು, ಆಮೇಲೆ ಒಂದೇ ಬೆರಳಿನಲ್ಲಿ ಅಂಕಿ ಒತ್ತುವುದನ್ನು ಅವಳು ಬಾಗಿಲ ಹಿಂದೆ ನಿಂತು ನೋಡಿದಳು. ತೊಂಬತ್ತನಾಲ್ಕು. ಮುಂದಿನ ವಾರ ತೊಂಬತ್ತೇಳು. ಗರಗಸದ ಸದ್ದು ದಿನದಿಂದ ದಿನಕ್ಕೆ ಒರಟಾಗುತ್ತಿತ್ತು.

ಕೊನೆಯ ಶುಕ್ರವಾರ ಅವಳು ರಜೆ ಕೇಳಿದ್ದಳು. ಮುಖ್ಯಸ್ಥರು ಬೆಳಿಗ್ಗೆ ಒಂದು ಗಳಿಗೆ ಬಂದು ಕೀಲಿ, ಪಾಸ್‌ವರ್ಡು ತೋರಿಸಿ ಹೋಗಿಬಿಡಿ ಎಂದಿದ್ದರು. ನರ್ಸಮ್ಮ ಬರುವವರೆಗೆ ಪಕ್ಕದ ಮನೆಯಾಕೆಯನ್ನು ಕೂರಿಸಿ, ಫೋನನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದಳು. ಕೊಂಡಿಗೆ ಏನೋ ಹೇಳುತ್ತಿದ್ದವಳ ಎದುರಿಗೇ ಪರದೆಯಲ್ಲಿ ಆ ಸಾಲು ಬದಲಾಯಿತು. ನೂರು. ಪಟ್ಟಿ ತುದಿಯವರೆಗೂ ತುಂಬಿ, ಪಕ್ಕದಲ್ಲಿ ಸಣ್ಣದೊಂದು ಸರಿ ಗುರುತು ಬಿತ್ತು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಆ ಮಹಡಿಯ ಫೋನುಗಳು ಒಂದರ ಹಿಂದೊಂದು ಕಿಣಿಕಿಣಿ ಎಂದವು. ಸೇತುವೆಯವರದು, ರಸ್ತೆಯವರದು, ಸಬ್‌ಸ್ಟೇಷನ್ನಿನವರದು. ಎಲ್ಲರಿಗೂ ಒಂದೇ ಮಾತು: ಆರೈಕೆ ಮುಗಿದಿದೆ, ನಿಮ್ಮ ಕೆಲಸ ಶುರುಮಾಡಬಹುದು, ಸಹಕರಿಸಿದ ಎಲ್ಲರಿಗೂ ಧನ್ಯವಾದ. ಜನ ಎದ್ದು ನಿಂತರು. ಮುಖ್ಯಸ್ಥರು ಗಾಜಿನ ಆಚೆಯಿಂದ ಅವಳತ್ತ ಎರಡೂ ಕೈ ಜೋಡಿಸಿದರು.

ಅವಳು ಓಡಿದಳು. ಆಟೊದಲ್ಲಿ ಕೂತು ಪಕ್ಕದ ಮನೆಯಾಕೆಗೆ ಫೋನ್ ಮಾಡಿದರೆ ಆಕೆ ಎತ್ತಲಿಲ್ಲ. ಮನೆಯ ಗೇಟಿನೆದುರು ಬಾಡಿಗೆ ಮಂಚದಂಗಡಿಯ ವ್ಯಾನು ನಿಂತಿತ್ತು. ಮೆಟ್ಟಿಲ ಮೇಲೆ ನರ್ಸಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. "ಒಳ್ಳೇ ಜೀವ ಅಕ್ಕಾ, ಯಾರಿಗೂ ತೊಂದರೆ ಕೊಡಲಿಲ್ಲ," ಅಂದಳು.

ಒಳಗೆ ಉಸಿರಿನ ಸದ್ದಿರಲಿಲ್ಲ. ಆ ಮನೆ ಅಷ್ಟು ನಿಶ್ಶಬ್ದವಾಗಿದ್ದದ್ದು ಅವಳಿಗೆ ಮರೆತೇಹೋಗಿತ್ತು. ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅಲ್ಲೇ ಯಾಕೆ ನಿಂತೆ? ಬಾ," ಅಂದಳು ದೊಡ್ಡಮ್ಮ.

ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ತಲೆ ಬಾಚಿತ್ತು. ಮುಖದ ಊತ ಇಳಿದು, ಹಳೆಯ ಫೋಟೋದಲ್ಲಿದ್ದ ಗಲ್ಲ ಮತ್ತೆ ಕಾಣುತ್ತಿತ್ತು. ಪಕ್ಕದ ಮನೆಯಾಕೆ ಮೂಲೆಗೆ ಒತ್ತಿ ನಿಂತಿದ್ದವಳು, ಇವಳು ಬಂದದ್ದೇ ನೆಪವಾಗಿ, ಏನನ್ನೂ ಹೇಳದೆ ಹೊರಗೆ ನಡೆದುಬಿಟ್ಟಳು. ಇಬ್ಬರು ಆಳುಗಳು ಮಂಚದ ಚಕ್ರಗಳ ತಡೆ ತೆಗೆದು ಅದನ್ನು ಬಾಗಿಲ ಕಡೆ ತಳ್ಳುತ್ತಿದ್ದರು. ಕುರ್ಚಿಯಲ್ಲಿ ಕೂತವಳ ಕಡೆ ಅವರು ಒಮ್ಮೆಯೂ ನೋಡಲಿಲ್ಲ.

"ನೂರು ಅಂತ ಯಾಕೆ ಒತ್ತಿದೆ?" ಅವಳ ದನಿ ಕೀರಲಾಗಿತ್ತು.

"ಆಗಿತ್ತು, ಒತ್ತಿದೆ. ನೀನು ಯಾಕೆ ಓಡಿ ಬಂದೆ? ಕೆಲಸ ಶುರುವಾಗತ್ತೆ ಇವತ್ತು."

ಅವಳು ನೆಲದ ಮೇಲೆ ಕೂತು ದೊಡ್ಡಮ್ಮನ ಮಣಿಕಟ್ಟು ಹಿಡಿದು ನಾಡಿ ಹುಡುಕಿದಳು. ಬೆರಳಿಗೆ ಬಡಿಯುತ್ತಿರುವುದು ದೊಡ್ಡಮ್ಮನ ನಾಡಿಯೋ ತನ್ನದೇ ನಾಡಿಯೋ ಗೊತ್ತಾಗಲಿಲ್ಲ. ದೊಡ್ಡಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಬಾಗಿಲಲ್ಲಿ ನರ್ಸಮ್ಮ ಇಣುಕಿದಳು.

"ಬಾರಮ್ಮ, ಯಾರಿಗೋಸ್ಕರ ಅಳ್ತಿದ್ದೀಯಾ?" ಅಂದಳು ದೊಡ್ಡಮ್ಮ.

ನರ್ಸಮ್ಮ ಒಳಗೆ ಬರಲಿಲ್ಲ. ದೊಡ್ಡಮ್ಮನಿಗಲ್ಲ, ಅವಳಿಗೆ ಹೇಳಿದಳು: "ಇಲ್ಲಿ ಮುಗೀತಲ್ಲ, ಇವತ್ತಿಂದಲೇ ಆ ಮನೆಗೆ ಬರ್ತೀನಿ ಅಂದಿದ್ದೀನಿ ಅಕ್ಕಾ." ವ್ಯಾನಿನ ಬಾಗಿಲು ಬಡಿದುಕೊಂಡಿತು. ಆಮೇಲೆ ಚಪ್ಪಲಿಯ ಸದ್ದೂ ಮೆಟ್ಟಿಲಿಳಿದು ಹೋಯಿತು.

ಅವಳ ಫೋನ್ ಅದುರುತ್ತಿತ್ತು. ಮುಖ್ಯಸ್ಥರು. ನಿಂತಿತು, ಮತ್ತೆ ಅದುರಿತು. ಅವಳು ಅದನ್ನು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿ, ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದಳು.

"ಕುಡಿ ದೊಡ್ಡಮ್ಮ."

"ಈಗ ಬಾಯಾರಿಕೆ ಇಲ್ಲ ಕಣೇ. ಇಟ್ಕೊಂಡಿರು." ದೊಡ್ಡಮ್ಮ ಗಲ್ಲ ಎತ್ತಿ ಹೊರಗೆ ತೋರಿಸಿದಳು. "ಅಲ್ಲಿ ನೋಡು. ಶುರು ಮಾಡಿಬಿಟ್ರು."

ಬೀದಿಯ ಆಚೆ ತುದಿಯಲ್ಲಿ, ಹಾಡುಹಗಲ ಬಿಸಿಲಿನಲ್ಲಿ, ಒಂದು ಬೀದಿದೀಪ ಹೊತ್ತಿಕೊಂಡಿತ್ತು. ಹೊಸ ಸಬ್‌ಸ್ಟೇಷನ್ನಿನ ಕರೆಂಟು. ಅದರ ಹಿಂದೆ ಎರಡನೆಯದು. ಆಮೇಲೆ ಸ್ವಲ್ಪ ತಡೆದು ಇನ್ನೊಂದು. ಯಾರೋ ಪ್ರತಿಯೊಂದರ ಕೆಳಗೂ ನಿಂತು ನೋಡಿ ಮುಂದೆ ಬರುತ್ತಿರುವ ಹಾಗೆ, ದೀಪಗಳು ಒಂದೊಂದಾಗಿ ಅವರ ಮನೆಯ ಕಡೆ ಬರತೊಡಗಿದವು. ಬೀದಿಯಲ್ಲಿ ಹೋಗುತ್ತಿದ್ದ ಯಾರೂ ತಲೆಯೆತ್ತಲಿಲ್ಲ.

ಅವಳು ಲೋಟ ಹಿಡಿದು ಕುರ್ಚಿಗೆ ಒರಗಿ ನಿಂತಳು. ದೊಡ್ಡಮ್ಮ ಅವಳ ಇನ್ನೊಂದು ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಪಕ್ಕದ ಮನೆಯ ಎದುರಿನ ದೀಪ ಹೊತ್ತಿತು. ಈಗ ಉಳಿದದ್ದು ಅವರ ಗೇಟಿನ ಕಂಬ. ಇಬ್ಬರೂ ಅದನ್ನೇ ನೋಡುತ್ತಿದ್ದರು. ಬಿಸಿಲು ಸರಿಯಾಗಿ ಅದರ ಗಾಜಿನ ಮೇಲೆ ಬಿದ್ದು ಹೊಳೆಯುತ್ತಿತ್ತು. ಅದು ಹೊತ್ತಿದೆಯೋ ಇಲ್ಲವೋ ಎಂದು ಎಷ್ಟು ಹೊತ್ತು ನೋಡಿದರೂ ತಿಳಿಯಲಿಲ್ಲ.